ಚಿಕ್ಕನಿಂಗಮ್ಮನ ರುಜು

ಗೌರಿ ಹಬ್ಬದ ದಿನ ಬಾಗಿಲಿಗೆ ಬಂದ ಮುತ್ತೈದೆಯನ್ನು ಹೊಸ್ತಿಲಾಚೆ ನಿಲ್ಲಿಸುವ ಪಾಡು ಯಾವ ಹೆಂಗಸಿಗೂ ಬರಬಾರದು. ತೆರಕಣಾಂಬಿಯ ಶಿವಲಕ್ಷ್ಮಿಗೆ ಬಂತು. ಬಟ್ಟೆಯ ಚೀಲ ಹಿಡಿದು ಜಗುಲಿಯ ಕೆಳಗೆ ನಿಂತಿದ್ದವಳು ಕುದೇರಿನ ಚಿಕ್ಕನಿಂಗಮ್ಮ. ಈ ಮನೆಯಲ್ಲಿ ತನಗೂ ಪಾಲಿದೆ ಎಂದು ಗುಂಡ್ಲುಪೇಟೆ ಕೋರ್ಟಿನಲ್ಲಿ ದಾವೆ ಹಾಕಿದವಳು.

ತಪ್ಪು ಕೊಂಡವರದೇ. ಮಾದೇಶ ಎಂಬವನು ಸತ್ತ ಅಪ್ಪನ ಮನೆಯನ್ನು ಮಾರುತ್ತೇನೆಂದಾಗ ಶಿವಲಕ್ಷ್ಮಿಯ ಗಂಡ ಮಹಾಲಿಂಗ ತೊಲೆ ತಟ್ಟಿ ನೋಡಿದ, ಹಿತ್ತಲ ಬಾವಿಯನ್ನು ಬಗ್ಗಿ ನೋಡಿದ, ಬಾಗಿಲಿನ ದಿಕ್ಕು ಸರಿಯೇ ಎಂದು ಶಾಸ್ತ್ರ ಕೇಳಿದ. ಕುದೇರಿಗೆ ಕೊಟ್ಟ ಅಕ್ಕ ಒಬ್ಬಳಿದ್ದಾಳೆ ಎಂದು ಮಾದೇಶನೇ ಬಾಯಿಬಿಟ್ಟು ಹೇಳಿದ್ದ. ಮದುವೆಯಾಗಿ ಹೋದವಳ ರುಜು ಯಾಕೆ ಎಂದು ಇದ್ದವರೆಲ್ಲ ನಕ್ಕರು. ಆಷಾಢ ಹುಟ್ಟುವುದರೊಳಗೆ ಹಾಲುಕ್ಕಿಸಿಬಿಡಬೇಕೆಂಬ ಆತುರ ಬೇರೆ. ಹಾಲೇನೋ ಉಕ್ಕಿತು. ತಮಿಳುನಾಡಿನ ಕಡೆ ಹೋದ ಮಾದೇಶ ಫೋನು ಎತ್ತುವುದನ್ನೇ ಬಿಟ್ಟ. ಮನೆಗೆ ಕೋರ್ಟಿನ ನೋಟೀಸು ಬಂತು.

ಈಗ ಮಾರುವಂತಿಲ್ಲ, ಒಡೆದು ಕಟ್ಟುವಂತಿಲ್ಲ. ಮಹಾಲಿಂಗನಿಗೆ ಕೆಲಸ ಚಾಮರಾಜನಗರದಲ್ಲಿ. ಬಸ್ಸಿನಲ್ಲಿ ಓಡಾಡಿ ಓಡಾಡಿ ಅವನ ಸೊಂಟ ಬಿದ್ದುಹೋಗಿತ್ತು. ನೋಟೀಸು ಬರುವ ಮೊದಲೇ ಅಲ್ಲೊಂದು ಮನೆಗೆ ಮುಂಗಡ ಕೊಟ್ಟು, ಇದನ್ನು ಮಾರಿ ಉಳಿದದ್ದು ಕಟ್ಟುತ್ತೇವೆಂದು ದೀಪಾವಳಿಯ ಗಡುವು ಪಡೆದಿದ್ದರು. ನೋಡಲು ಬಂದವರು ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಕೇಸಿದೆ ಎಂದು ಕೇಳಿದ್ದೇ ತಡ, ಲೋಟ ಇಟ್ಟು ಚಪ್ಪಲಿ ಮೆಟ್ಟುತ್ತಿದ್ದರು. ಶಿವಲಕ್ಷ್ಮಿಗೆ ತನ್ನದೇ ಮನೆಯಲ್ಲಿ ಉಸಿರುಕಟ್ಟುತ್ತಿತ್ತು.

"ರಾಜಿಯೊಂದೇ ದಾರಿ," ಎಂದಿದ್ದರು ಅವರ ವಕೀಲೆ ಮೇಘನಾ. "ಆಕೆ ಪಾಲಿಗೆ ಏನಾದ್ರೂ ಕೊಟ್ಟು, ಹಕ್ಕು ಬಿಟ್ಟಿದ್ದೀನಿ ಅಂತ ಪತ್ರ ರಿಜಿಸ್ಟರ್ ಮಾಡಿಸ್ಕೊಳ್ಳಿ. ಅಲ್ಲೀವರೆಗೂ ಆಕೆಯನ್ನ ಮನೆಯೊಳಗೆ ಮಾತ್ರ ಸೇರಿಸ್ಬೇಡಿ. ನಾನೂ ಇದೇ ಮನೇಲಿ ಇದ್ದೀನಿ ಅಂತ ನಾಳೆ ಕೋರ್ಟಲ್ಲಿ ಹೇಳಿದ್ರೆ ಕಷ್ಟ."

ಮಹಾಲಿಂಗ ಎರಡು ಸಲ ಕುದೇರಿಗೆ ಹೋಗಿ ಕೈಮುಗಿದು ಬಂದ. ಚಿಕ್ಕನಿಂಗಮ್ಮ ಹೂಂ ಅನ್ನಲಿಲ್ಲ, ಇಂಥದ್ದು ಬೇಕು ಅಂತಲೂ ಬಾಯಿಬಿಡಲಿಲ್ಲ. ಈಗ ಮಹಾಲಿಂಗ ಕೆಲಸಕ್ಕೆ ಹೋಗಿರುವಾಗ ತಾನಾಗಿಯೇ ಬಂದು ನಿಂತಿದ್ದಾಳೆ.

"ಒಳ್ಗ್ ಬರಾಕಿಲ್ಲ ಕಣವ್ವ, ಎದ್ರುಕಬ್ಯಾಡ," ಎಂದಳು ಚಿಕ್ಕನಿಂಗಮ್ಮ. "ಇಲ್ಲೇ ಜಗ್ಲಿ ಮ್ಯಾಲೆ ಕುಂತಿದ್ದು ಸಂಜೆ ಬಸ್ಸಿಗೆ ಒಂಟೋಯ್ತಿನಿ."

"ಯಾಕಕ್ಕ? ನಿಮ್ ತಮ್ಮ ಇಲ್ಲಿಲ್ಲ ಅಂತ ಗೊತ್ತಲ್ವ?"

"ನಂಗೊತ್ತು. ನಮ್ ವಾರಗಿತ್ತೀರ್ಗೆ ಗೊತ್ತಿಲ್ಲ. ನಮ್ಮೆಜಮಾನ್ರ ಬುಟ್ರೆ ಯಾರ್ಗೂ ಯೇಳಿಲ್ಲ. ಗೌರಿಗೆ ತವ್ರಿಗೋಗ್ದೆ ಮನೇಲಿ ಕುಂತ್ರೆ ಆಡ್ಕತಾರೆ ಕಣವ್ವ."

ಅವಳು ಕೂರಲು ಬಗ್ಗಿದಾಗ ಚೀಲದ ಬಾಯಿ ತೆರೆಯಿತು. ಒಳಗೆ ಕುಪ್ಪಸದ ಕಣ, ಹಸಿರು ಬಳೆ, ಅರಿಶಿನ ಕುಂಕುಮದ ಪೊಟ್ಟಣ. ಎಲ್ಲ ಹೊಸದು. ಶಿವಲಕ್ಷ್ಮಿ ನೋಡಿದ್ದನ್ನು ಅವಳೂ ನೋಡಿದಳು.

"ಚಾಮ್ರಾಜ್ನಗರದಲ್ಲಿ ಬಸ್ ಇಳ್ದು ನಾನೇ ತಗಂಡೆ. ತಮ್ಮ ಕೊಟ್ಟ ಅಂತ ತೋರ್ಸಬೇಕಲ್ಲ."

ಲಾಯರಮ್ಮನಿಗೆ ಏನು, ಗುಂಡ್ಲುಪೇಟೆಯಲ್ಲಿ ಫ್ಯಾನಿನ ಕೆಳಗೆ ಕೂತು ಹೇಳಿಬಿಡುತ್ತಾರೆ. ಬಾಗಿಲಲ್ಲಿ ನಿಂತವಳ ಮುಖ ನೋಡಬೇಕಾದವಳು ಶಿವಲಕ್ಷ್ಮಿ. "ಬನ್ನಿ ಅಕ್ಕ, ಒಳ್ಗೇ ಬನ್ನಿ," ಎಂದುಬಿಟ್ಟಳು.

ಚಿಕ್ಕನಿಂಗಮ್ಮ ಒಳಗೆ ಬಂದವಳೇ ತಿರುಗಿಯೂ ನೋಡದೆ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಅಲ್ಲೊಂದು ಮೊಳೆಯಿದೆ ಎಂಬುದು ಶಿವಲಕ್ಷ್ಮಿಗೇ ನೆನಪಿರಲಿಲ್ಲ.

ಮಣೆ ಹಾಕಿ ಕೂರಿಸಿದಳು. ಒಬ್ಬಟ್ಟು ಬಡಿಸಿದಳು. ಗೌರಿಯ ಮುಂದೆ ಸೆರಗು ಹೊದಿಸಿ ಹಿಡಿದು ಮೊರದ ಬಾಗಿನ ಕೊಟ್ಟಳು. ಈಸಿಕೊಂಡ ಚಿಕ್ಕನಿಂಗಮ್ಮನ ಕಣ್ಣು ತುಂಬಿತು. ಇದೇ ಸಮಯ ಎಂದುಕೊಂಡ ಶಿವಲಕ್ಷ್ಮಿ ನಾಚಿಕೆ ಬಿಟ್ಟು ಅವಳ ಕೈ ಹಿಡಿದಳು.

"ಅಕ್ಕ, ನಿಮ್ ಪಾಲಿಗೆ ನ್ಯಾಯವಾಗಿ ಬರೋದ್ನ ಕೊಡ್ತೀವಿ. ಒಂದ್ ಸೈನ್ ಹಾಕ್ಬುಡಿ. ನಾವ್ ಸಿಕ್ಕಾಕಂಡ್ ಸಾಯ್ತಾ ಇದ್ದೀವಿ."

"ಪಾಲು ಯಾರ್ಗ್ ಬೇಕವ್ವ? ಸೈನ್ ಹಾಕ್ಬುಟ್ರೆ ಬರೋ ವರ್ಷ ಗೌರಿಗೆ ನಾನು ಯಾವ ಬಾಗ್ಲಿಗ್ ಓಗ್ಲಿ? ತಮ್ಮ ತಿರುಗಿ ನೋಡ್ನಿಲ್ಲ. ಕೇಸ್ ಇರೋಗಂಟ ಇದು ನನ್ ತವ್ರು ಕಣವ್ವ."

"ಸೈನ್ ಹಾಕುದ್ರೂ ಬನ್ನಿ! ಪ್ರತಿ ವರ್ಷ ಬನ್ನಿ. ಬಾಗಿನ ನಾ ಕೊಡ್ತೀನಿ."

ಚಿಕ್ಕನಿಂಗಮ್ಮ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು.

"ದಿಟವಾ? ಅಂಗಾದ್ರೆ ಈ ಮನೇನ ಯಾರ್ಗೂ ಮಾರಲ್ಲ ಅಂತ ಗೌರಿ ಮುಂದೆ ಒಂದ್ ಮಾತು ಯೇಳ್ಬುಡು. ನಾಳೀಕೇ ನಿಮ್ ಲಾಯರಮ್ಮನ ತಾವ್ಕೆ ಬಂದು ಒತ್ತುಬುಡ್ತಿನಿ ಎಬ್ಬೆಟ್ಟ."

ಶಿವಲಕ್ಷ್ಮಿ ಬಾಯಿ ತೆರೆದಳು. ಮಾರುವುದಕ್ಕೇ ಅಲ್ಲವೇ ಆ ರುಜು ಬೇಕಿದ್ದದ್ದು? ಚಾಮರಾಜನಗರದ ಮನೆ, ದೀಪಾವಳಿಯ ಗಡುವು, ಗಂಡನ ಸೊಂಟ ಎಲ್ಲವೂ ಕಣ್ಣ ಮುಂದೆ ಬಂದವು. ಇಲ್ಲಿ ಯಾರೂ ಇಲ್ಲ, ಒಂದು ಸುಳ್ಳು ಹೇಳಿದರೆ ಬಿಡುಗಡೆ. ಎದುರಿಗೆ ಗೌರಿ ಕೂತಿದ್ದಳು, ಅರಿಶಿನ ಬಳಿದುಕೊಂಡು. ತೆರೆದ ಬಾಯಿ ಹಾಗೇ ಮುಚ್ಚಿತು.

"ನಂಗ್ ಗೊತ್ತಿತ್ತು ಬುಡು," ಎಂದಳು ಚಿಕ್ಕನಿಂಗಮ್ಮ. ಅವಳಿಗೆ ಸಿಟ್ಟೇನೂ ಬಂದಂತಿರಲಿಲ್ಲ.

ಸಂಜೆ ಶಿವಲಕ್ಷ್ಮಿಯೇ ಅವಳಿಗೆ ಮಡಿಲಕ್ಕಿ ಕಟ್ಟಿದಳು. ಮೊಳೆಯಿಂದ ಚೀಲ ತೆಗೆದುಕೊಂಡು ಚಿಕ್ಕನಿಂಗಮ್ಮ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೀದಿಗಿಳಿದು, ತವರಿನಿಂದ ಹೊರಟ ಹೆಣ್ಣುಮಕ್ಕಳೆಲ್ಲ ತಿರುಗುವಂತೆ ಒಮ್ಮೆ ತಿರುಗಿದಳು.

"ಓಗ್ಬುಟ್ ಬತ್ತಿನಿ ಕಣವ್ವ."

ಇನ್ನು ಬರಬೇಡಿ ಎಂದು ಚೀರಬೇಕೆನಿಸಿತು ಶಿವಲಕ್ಷ್ಮಿಗೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಹೂಂ ಅಕ್ಕ, ಬನ್ನಿ," ಎಂದಳು.