ವಿಜಯದಶಮಿಯ ತೂಕ

ನಾನು ಒಂದು ತೂಕದ ಯಂತ್ರ. ಐನೂರು ಕಿಲೋವರೆಗೆ ತೂಗಬಲ್ಲೆ. ಅದಕ್ಕಿಂತ ಹೆಚ್ಚು ಹೇರಿದರೆ ನನ್ನ ದಂಡ ಮೇಲಕ್ಕೆ ಬಡಿದು ನಿಂತುಬಿಡುತ್ತದೆ. ಆಮೇಲೆ ಯಾರು ಬೈದರೂ ಕದಲುವುದಿಲ್ಲ. ನೆಲಕ್ಕೆ ಅಂಟಿದಂತೆ ಅಗಲವಾದ ಕಬ್ಬಿಣದ ಹಲಗೆ, ಒಂದು ಬದಿಗೆ ಎದೆಯೆತ್ತರದ ಕಂಬ, ಕಂಬದ ತುದಿಯಲ್ಲಿ ಅಂಕಿ ಕೆತ್ತಿದ ಹಿತ್ತಾಳೆ ದಂಡ, ದಂಡದ ಮೇಲೆ ಜಾರುವ ಗುಂಡು. ನನ್ನ ಮೈ ಇಷ್ಟೇ. ಹಲಗೆಯ ಮೇಲೆ ಹೊರೆ ಇಟ್ಟು ಗುಂಡನ್ನು ಸರಿಸುತ್ತಾ ಹೋಗಬೇಕು. ದಂಡ ಎಲ್ಲಿ ಮಟ್ಟವಾಗಿ ನಿಲ್ಲುತ್ತದೋ ಅಲ್ಲಿನ ಅಂಕಿಯೇ ತೂಕ.

ನಾನು ಹುಟ್ಟಿದ್ದು ಒಂದು ಎರಕದ ಕಾರ್ಖಾನೆಯಲ್ಲಿ. ನನ್ನ ಜೊತೆ ಅದೇ ದಿನ ಹನ್ನೊಂದು ಯಂತ್ರಗಳು ಹುಟ್ಟಿದವು. ಯಾರೂ ಹಾಡು ಹೇಳಲಿಲ್ಲ. ಒಬ್ಬ ಮೇಸ್ತ್ರಿ ಬೀಡಿ ಸೇದುತ್ತಾ ನನ್ನ ಮೇಲೆ ಹತ್ತು ಕಿಲೋ ಬಟ್ಟು ಇಟ್ಟ, ಹತ್ತು ತೋರಿಸಿದೆ. ನೂರು ಇಟ್ಟ, ನೂರು ತೋರಿಸಿದೆ. "ಸರಿ, ಎತ್ರಪ್ಪ" ಎಂದ. ನನ್ನ ಬಾಲ್ಯ ಅಲ್ಲಿಗೆ ಮುಗಿಯಿತು.

ಮೊದಲ ಯಜಮಾನ ಮಂಡ್ಯ ಸೀಮೆಯ ಒಂದು ಪಟ್ಟಣದ ಬೆಲ್ಲದ ವ್ಯಾಪಾರಿ ಬಸಪ್ಪಾಜಿ. ಅವರ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ನನ್ನ ಹಲಗೆಗೆ ಅಪ್ಪಿತಪ್ಪಿ ಕಾಲು ತಗುಲಿದರೆ ಜನ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಮಂಡಿಗೆ ಕರೆಂಟಿನ ತಕ್ಕಡಿ ಬಂದ ವಾರವೇ, ಹಾಗೆ ಕಣ್ಣಿಗೊತ್ತಿಕೊಂಡವರೇ ನನ್ನನ್ನು ಹೊತ್ತುಕೊಂಡು ಹೋಗಿ ಗುಜರಿ ಅಂಗಡಿಗೆ ಹಾಕಿದರು.

ಗುಜರಿಯ ಮರಿಲಿಂಗ ನನ್ನನ್ನು ಒಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ಗುಂಡಿನ ಹೊಟ್ಟೆ ಕೊರೆದು ಸೀಸ ಕಾಯಿಸಿ ತುಂಬಿದ. ಗುಂಡು ಭಾರವಾದರೆ ಹಲಗೆಯ ಮೇಲಿನ ಹೊರೆ ಕಡಿಮೆ ತೋರುತ್ತದೆ. ಕೆರೆ ಏರಿಯ ಪಕ್ಕದ ಕಸದ ಗುಡ್ಡದಲ್ಲಿ ಆಯ್ದು, ಬೆನ್ನ ಮೇಲೆ ಹೊತ್ತು ತಂದ ಹೆಂಗಸರ ಹತ್ತು ಕಿಲೋ ಮೂಟೆಯನ್ನು ನಾನು ಎಂಟು ಎಂದೆ. ಆರು ವರ್ಷ ಹಾಗೆ ಹೇಳಿದೆ. ತಪ್ಪು ಮರಿಲಿಂಗನದು ಎಂದು ಜಾರಿಕೊಳ್ಳಲಾರೆ. ಕೊರೆದವನು ಅವನು, ಸುಳ್ಳು ಹೇಳಿದ ದಂಡ ನನ್ನದು.

ಆ ಸುಳ್ಳನ್ನು ಹಿಡಿದವಳು ಜವರಮ್ಮ. ಗುಡ್ಡದಲ್ಲಿ ಕಸ ಆಯುತ್ತಿದ್ದವಳು, ನಲವತ್ತರ ಹೆಂಗಸು, ಹೊಗೆ ಕುಡಿದು ಕುಡಿದು ಯಾವಾಗಲೂ ಕೆಮ್ಮುತ್ತಿದ್ದಳು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಬಂದು, ಮೂಟೆ ಇಲ್ಲದೆ ಬರಿಗೈಯಲ್ಲಿ, ಚಪ್ಪಲಿ ಬಿಟ್ಟು ನನ್ನ ಹಲಗೆಯ ಮೇಲೆ ತಾನೇ ಹತ್ತಿ ನಿಂತಳು.

"ಅದೇನ್ ನಿಂತ್ಕಂಡೆ, ನಿನ್ನೇ ಮಾರ್ತೀಯ?" ಎಂದ ಮರಿಲಿಂಗ.

"ಒಸಿ ತೂಗಣ್ಣ, ಎಷ್ಟೈತೆ ನೋಡುವಾ."

"ಮೂವತ್ತೆಂಟು."

"ಈಗ್ತಾನೆ ಆಸ್ಪತ್ರೇಲಿ ನಲವತ್ತೇಳು ಅಂದ್ರು. ಅಲ್ಲಿಂದ ಇಲ್ಲಿಗೆ ನಡ್ಕಂಡ್ ಬರೋವಷ್ಟ್ರಲ್ಲಿ ಒಂಬತ್ತು ಕೇಜಿ ಇಳಿದೋಯ್ತಾ? ದೊಡ್ಡ್ ದೊಡ್ಡ್ ಹೊಟ್ಟೆಯೋರ್ನೆಲ್ಲ ನಿನ್ನ ಅಂಗ್ಡಿಗೆ ಕಳಿಸ್ತೀನಿ ತಡಿ, ಚೆನ್ನಾಗಿ ಸಂಪಾದ್ಸ್‌ಕೋ."

"ಆಸ್ಪತ್ರೆ ಮಿಷನ್ನು ಕೆಟ್ಟೋಗದೆ ಕಣವ್ವ."

"ಕೆಟ್ಟಿರೋದು ಮಿಷನ್ನಲ್ಲ ಕಣಣ್ಣ."

ಮರುದಿನದಿಂದ ಒಬ್ಬ ಹೆಂಗಸೂ ಆ ಅಂಗಡಿಗೆ ಬರಲಿಲ್ಲ. ವರ್ಷ ತುಂಬುವುದರೊಳಗೆ ಮರಿಲಿಂಗ ಬಾಗಿಲು ಹಾಕಿದ. ಅದೇ ಹೊತ್ತಿಗೆ ಪಟ್ಟಣ ಪಂಚಾಯಿತಿಯವರು ಕಸ ವಿಂಗಡಿಸುವ ಶೆಡ್ ಕಟ್ಟಿ, ಅದನ್ನು ಏಳು ಹೆಂಗಸರ ಸಂಘಕ್ಕೆ ಒಪ್ಪಿಸಿದರು. ಸಂಘದ ಮುಂದಾಳು ಜವರಮ್ಮ. ತಕ್ಕಡಿ ಯಾವುದು ಬೇಕು ಎಂದು ಕೇಳಿದಾಗ ಅವಳು ಮರಿಲಿಂಗನ ಅಂಗಡಿಯ ಕಡೆ ಕೈ ತೋರಿಸಿದಳು. ಎಲ್ಲರೂ ನಕ್ಕರು. "ಅದೇ ಬೇಕು. ಅದ್ರ ರೋಗ ಏನು ಅಂತ ನಂಗೊತ್ತು. ಹೊಸದ್ರ ರೋಗ ಯಾರಿಗೊತ್ತು?" ಎಂದಳು. ಕಮ್ಮಾರನ ಕುಲುಮೆಯಲ್ಲಿ ನನ್ನ ಗುಂಡಿನಿಂದ ಸೀಸ ಕರಗಿ ಇಳಿಯುವಾಗ ಅವಳು ಎದುರಿಗೇ ಕುಕ್ಕರಗಾಲಲ್ಲಿ ಕುಳಿತಿದ್ದಳು. ತೂಕ ಅಳತೆಯವರು ನೋಡಿ, ಸರಿ ಇದೆ ಎಂದು ಮುದ್ರೆ ಹಾಕಿದರು.

ಶೆಡ್ಡಿನಲ್ಲಿ ದಿನಕ್ಕೆ ನಾಲ್ಕು ಟನ್ ಕಸ ಬರುತ್ತಿತ್ತು. ಹಸಿ ಕಸ ಗೊಬ್ಬರದ ಗುಂಡಿಗೆ, ಒಣ ಕಸ ಹದಿನಾಲ್ಕು ಬಗೆಯಾಗಿ ಬೇರೆ ಬೇರೆ ಚೀಲಕ್ಕೆ. ಹಾಲಿನ ಕವರ್ ಬೇರೆ, ಎಣ್ಣೆ ಕವರ್ ಬೇರೆ. ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿದರೂ ಯಾವ ಪ್ಲಾಸ್ಟಿಕ್ ಎಂದು ಹೇಳುತ್ತಿದ್ದರು. ಯಾವುದಕ್ಕೂ ಬಾರದೆ ಕೊನೆಗೆ ಉಳಿಯುತ್ತಿದ್ದುದು ಹತ್ತರಲ್ಲಿ ಒಂದು ಪಾಲು. ಕೆರೆ ಏರಿಯ ಗುಡ್ಡಕ್ಕೆ ಬೆಂಕಿ ಬೀಳುವುದು ನಿಂತಿತು. ಜವರಮ್ಮನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಮಾತಿನ ನಡುವೆ ಅಡ್ಡ ಬರುವುದು ಬಿಟ್ಟಿತು.

ಹೀಗೆ ಐದು ವರ್ಷ ಕಳೆದ ಮೇಲೆ ಜಿಲ್ಲೆಯಿಂದ ದೊಡ್ಡ ಯೋಜನೆಯೊಂದು ಹೊರಟಿತು. ನಮ್ಮೂರೂ ಸೇರಿದಂತೆ ಸುತ್ತಲಿನ ಐದು ಪಟ್ಟಣಗಳಿಗೆ ಒಟ್ಟಾಗಿ, ಮುಂದಿನ ಇಪ್ಪತ್ತು ವರ್ಷ ಕಸವನ್ನು ಏನು ಮಾಡುವುದು ಎಂಬ ಯೋಜನೆ. ಅದರಲ್ಲಿ ಒಂದು ನಿಯಮವಿತ್ತು. ದಿನಕ್ಕೆ ಐದು ಟನ್ನಿಗಿಂತ ಕಡಿಮೆ ಕಸ ಬೀಳುವ ಊರು ತನ್ನ ಶೆಡ್ ಉಳಿಸಿಕೊಳ್ಳಬಹುದು. ಐದು ದಾಟಿದರೆ ಶೆಡ್ ಮುಚ್ಚಬೇಕು. ಕಸವನ್ನು ಬೇರ್ಪಡಿಸದೆ ಲಾರಿಗೆ ತುಂಬಿ, ಮೂವತ್ತೆರಡು ಕಿಲೋಮೀಟರ್ ದೂರದ ನಲವತ್ತು ಎಕರೆ ಗೋಮಾಳದಲ್ಲಿ ಸುರಿಯಬೇಕು. ಅಲ್ಲಿ ಕೆಲಸಕ್ಕೆ ಯಂತ್ರಗಳಿರುತ್ತವೆ, ಹೆಂಗಸರು ಬೇಕಿಲ್ಲ.

ನಮ್ಮೂರಿನ ಕಸ ತೂಗಲು ಬಂದವರು ಸರ್ವೆಯ ಎಂಜಿನಿಯರ್ ಚಂದ್ರಮೌಳಿ. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಗೆದವರಲ್ಲ. ಕೇಡಾಗುವುದಕ್ಕೆ ಯಾರೂ ಬಗೆಯಬೇಕಾಗಿಯೂ ಇಲ್ಲ. ಅವರು ಬಂದದ್ದು ಆಯುಧಪೂಜೆಯ ದಿನ. ನನ್ನ ಕಂಬಕ್ಕೆ ವಿಭೂತಿ ಬಳಿದು ಚೆಂಡು ಹೂವಿನ ಹಾರ ಹಾಕಿದ್ದರು.

"ಇವತ್ತು ಮಿಷನ್ ಮುಟ್ಟಂಗಿಲ್ಲ ಸಾ, ಅದ್ಕೂ ರಜ" ಎಂದು ಜವರಮ್ಮ ಅವರ ಕೈಗೆ ಕಡಲೆಪುರಿ ಹಾಕಿದಳು.

"ಮುಟ್ಟೋದು ಬೇಡ ಬಿಡಿ, ನಮ್ಮ ಆಫೀಸಲ್ಲೂ ಕಂಪ್ಯೂಟರಿಗೆ ಕುಂಕುಮ ಇಟ್ಟು ಮುಚ್ಚಿ ಬಂದಿದ್ದೀವಿ. ನಾಳೆ ವಿಜಯದಶಮಿ. ಹಿಡಿದ ಕೆಲಸ ಗೆಲ್ಲುತ್ತೆ. ನಾಳೆಯಿಂದ ಒಂದು ವಾರ ತೂಗೋಣ" ಎಂದರು.

ಆ ವಾರ ಏನು ಬಂತು ಎಂದು ನನ್ನ ಹಲಗೆಯನ್ನು ಕೇಳಿ. ಪ್ರತಿ ಅಂಗಡಿಯ ಮುಂದೆ, ಪ್ರತಿ ಆಟೋ, ಲಾರಿ, ಸ್ಕೂಟರಿನ ಮುಂದೆ ಒಡೆದ ಬೂದುಗುಂಬಳಕಾಯಿ. ಪ್ರತಿ ಬಾಗಿಲಿಗೆ ಕಟ್ಟಿ ಬಿಚ್ಚಿದ ಬಾಳೆಕಂದು. ಕೊಳೆತ ಹೂವು, ಮಾವಿನ ಸೊಪ್ಪು, ಊಟದೆಲೆ. ಎಲ್ಲವೂ ನೀರು ಕುಡಿದು ತೂಗುವಂಥವು. ಮೊದಲ ದಿನ ಹನ್ನೊಂದು ಟನ್. ವಾರದ ಸರಾಸರಿ ಒಂಬತ್ತು.

ಮೂರನೆಯ ದಿನವೇ ಜವರಮ್ಮ ಅಡ್ಡ ನಿಂತಳು. "ಸಾ, ಇದು ಊರಿನ ಕಸ ಅಲ್ಲ, ಹಬ್ಬದ ಕಸ. ಒಂದ್ ಹದಿನೈದ್ ದಿನ ಬಿಟ್ಟು ತೂಗಿ."

"ಒಳ್ಳೇ ದಿನ ನೋಡಿ ಶುರು ಮಾಡಿದ್ದೀವಮ್ಮ, ಮಧ್ಯ ನಿಲ್ಲಿಸಬಾರದು. ಅಲ್ಲದೆ ತಿಂಗಳ ಕೊನೆಗೆ ವರದಿ ಕೊಡಬೇಕು."

ಚೀಲ ಹೊಲಿಯುತ್ತಿದ್ದ ಸಂಘದ ಮುಬೀನಾ ಸೂಜಿ ಕೆಳಗಿಟ್ಟಳು. "ಜವರಕ್ಕ, ಇವ್ರ ಪ್ಲಾನಲ್ಲಿ ನಮ್ಮೂರೋರು ಇಪ್ಪತ್ತು ವರ್ಸ ದಿನಾ ಬೆಳಗ್ಗೆ ಎದ್ದು ಕುಂಬಳಕಾಯಿ ಒಡೀತಾರೆ ಬಿಡು!"

ಹೆಂಗಸರು ನಕ್ಕರು. ಚಂದ್ರಮೌಳಿಯವರೂ ನಕ್ಕರು. ನಗುತ್ತಲೇ ಒಂಬತ್ತು ಎಂದು ಬರೆದುಕೊಂಡರು.

ನಾನು ಆ ವಾರ ಒಂದು ಗ್ರಾಮೂ ಸುಳ್ಳು ಹೇಳಿರಲಿಲ್ಲ. ಸೀಸ ತುಂಬಿದ್ದ ಆರು ವರ್ಷ ನಾನು ಮಾಡಿದ ಅನ್ಯಾಯ ಮೂಟೆಗೆ ಎರಡು ಕಿಲೋದಷ್ಟಿತ್ತು. ನಿಜ ಹೇಳಿದ ಈ ಒಂದು ವಾರದಲ್ಲಿ ಏಳು ಹೆಂಗಸರ ಕೆಲಸವೇ ಹೋಗುವುದರಲ್ಲಿತ್ತು. ಸರಿಯಾಗಿ ತೂಗುವುದೊಂದಿದ್ದರೆ ಸಾಲದು, ಯಾವತ್ತು ತೂಗಿದರು ಎನ್ನುವುದನ್ನೂ ಕೇಳಬೇಕು. ಇದನ್ನು ನನಗೆ ಕಾರ್ಖಾನೆಯಲ್ಲಿ ಯಾರೂ ಹೇಳಿರಲಿಲ್ಲ.

ಶೆಡ್ ಮುಚ್ಚುವ ಸೂಚನೆ ಡಿಸೆಂಬರಿನಲ್ಲಿ ಬಂತು. ಆಕ್ಷೇಪಣೆ ಇದ್ದರೆ ಫೆಬ್ರವರಿಯ ಎರಡನೇ ಮಂಗಳವಾರ ಪಂಚಾಯಿತಿ ಕಚೇರಿಯಲ್ಲಿ ನಡೆಯುವ ಸಭೆಯಲ್ಲಿ ಹೇಳಬಹುದು ಎಂದಿತ್ತು. ಅರ್ಜಿ ಬರೆದುಕೊಡೋಣ ಎಂದರು ಕೆಲವರು. ಜವರಮ್ಮ ಅರ್ಜಿ ಬರೆಯಲಿಲ್ಲ. ಮಂಗಳವಾರ ಬೆಳಿಗ್ಗೆ ಕಸದ ಆಟೋದಲ್ಲಿ ನನ್ನನ್ನು ಹೇರಿಕೊಂಡು ಹೋಗಿ ಕಚೇರಿಯ ಅಂಗಳದ ನಟ್ಟನಡುವೆ ಇಳಿಸಿದಳು. ಕೆಳಗೆ ಕಲ್ಲು ಕೊಟ್ಟು ಮಟ್ಟ ಮಾಡಿದಳು. ಹಿಂದಿನಿಂದ ಊರಿನ ಕಸದ ಆಟೋಗಳು ಒಂದೊಂದಾಗಿ ಬಂದವು. ಅವತ್ತಿನ ಇಡೀ ಊರಿನ ಕಸ.

ಜವಾನ ಓಡಿಬಂದ. "ಏಯ್, ಎತ್ರಮ್ಮ ಇದ್ನ! ಒಳಗೆ ಸಾಹೇಬ್ರು ಕುಂತವ್ರೆ, ನಾತ ಹೊಡೀತದೆ."

"ಹೊಡೀಲಿ. ಇಪ್ಪತ್ತು ವರ್ಸದ ಪ್ಲಾನ್ ಮಾಡೋರು ಇಪ್ಪತ್ತು ನಿಮಿಷ ಮೂಸ್ನೋಡ್ಲಿ."

ನಾತಕ್ಕೋ, ಗಲಾಟೆಗೋ, ಸಭೆಯೇ ಹೊರಗೆ ಬಂತು. ಅಧ್ಯಕ್ಷತೆ ವಹಿಸಿದ್ದ ಜಿಲ್ಲೆಯ ಅಧಿಕಾರಿ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತರು. ಹೆಂಗಸರು ಯಾರಿಗೂ ನಮಸ್ಕಾರ ಹಾಕಲಿಲ್ಲ. ಬುಟ್ಟಿ ತುಂಬಿ ಹಲಗೆಯ ಮೇಲೆ ಇಟ್ಟರು. ಮುಬೀನಾ ಗುಂಡು ಸರಿಸಿ ತೂಕ ಕೂಗಿದಳು. ಕಚೇರಿಗೆ ಬಂದಿದ್ದ ಜನ ಅವಳ ಜೊತೆ ತಾವೂ ಕೂಗಿ ಕೂಡಿಸತೊಡಗಿದರು. ಒಂದು ಟನ್. ಎರಡು. ನನ್ನ ಸಂದುಗಳು ಕಿರುಗುಟ್ಟಿದವು. ಬಸಪ್ಪಾಜಿಯ ಮಂಡಿಯಲ್ಲೂ ನಾನು ಇಷ್ಟು ಬೇಗ ಬೇಗ ದುಡಿದಿರಲಿಲ್ಲ. ಕೊನೆಯ ಬುಟ್ಟಿ ಇಳಿದಾಗ ಒಟ್ಟು ನಾಲ್ಕು ಟನ್ ನೂರಾ ಹತ್ತು ಕಿಲೋ.

"ಕಾಯಿದೆ ಐದು ಅಂತದೆ ಮೇಡಂ. ನಮ್ದು ನಾಲ್ಕು" ಎಂದಳು ಜವರಮ್ಮ.

ಚಂದ್ರಮೌಳಿ ಮುಂದೆ ಬಂದು ನನ್ನ ಕಂಬದ ಬಳಿ ಬಗ್ಗಿದರು. ಅವರ ಮುಖ ಅರಳಿತು. "ಮೇಡಂ, ಈ ಯಂತ್ರದ ಮುದ್ರೆ ನೋಡಿ. ಕಳೆದ ಜುಲೈಗೇ ಅವಧಿ ಮುಗಿದಿದೆ. ಇದರ ತೂಕವನ್ನು ನಾವು ಒಪ್ಪೋಕಾಗಲ್ಲ. ಇದು ತಪ್ಪು ತೋರಿಸ್ತಿರಬಹುದು."

ಅವರು ಹೇಳಿದ್ದು ನಿಜ. ಮುದ್ರೆ ಹೊಸದು ಮಾಡಿಸುವುದನ್ನು ಸಂಘದವರು ಮರೆತಿದ್ದರು. ಮುಬೀನಾ ಗುಂಡಿನ ಮೇಲಿಟ್ಟಿದ್ದ ಕೈ ತೆಗೆದಳು. ಜವರಮ್ಮನಿಗೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಬಾಯಿ ಒರೆಸಿಕೊಂಡು ಕೇಳಿದಳು:

"ಜುಲೈ ಆದ್ಮೇಲಲ್ವಾ ಸಾ ದಸರಾ ಬರೋದು?"

ಚಂದ್ರಮೌಳಿ ಬಗ್ಗಿ ಮುದ್ರೆಯ ತಾರೀಖನ್ನು ಮತ್ತೊಮ್ಮೆ ನೋಡಿದರು.

"ನಿಮ್ಮ ಒಂಬತ್ತು ಟನ್ನು ಯಾವ ಮಿಷನ್ನಲ್ಲಿ ತೂಗುದ್ರಿ? ಇದ್ರಲ್ಲೇ ಅಲ್ವಾ? ಇದು ಸುಳ್ಳಾದ್ರೆ ನಿಮ್ಮ ಒಂಬತ್ತೂ ಸುಳ್ಳು. ಇದು ನಿಜ ಆದ್ರೆ ನಮ್ಮ ನಾಲ್ಕೂ ನಿಜ. ಯಾವ್ದು ಬೇಕೋ ನೀವೇ ಆರಿಸ್ಕಳಿ ಸಾ."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಮೇಡಂ ಮೂಗಿನ ಮೇಲಿನ ಸೆರಗು ತೆಗೆದರು. "ಮಿಸ್ಟರ್ ಚಂದ್ರಮೌಳಿ, ಸರ್ವೆ ಮಾಡಿದ್ದು ಯಾವ ವಾರ?"

"ವಿಜಯದಶಮಿಯಿಂದ, ಮೇಡಂ."

"ಐದೂ ಊರಲ್ಲಿ?"

"ಐದೂ ಊರಲ್ಲಿ ಅದೇ ವಾರ, ಮೇಡಂ. ಒಳ್ಳೇ ದಿನ ಅಂತ..."

ಶೆಡ್ ಮುಚ್ಚುವ ಸೂಚನೆಯನ್ನು ಮೇಡಂ ಅಲ್ಲೇ ತಡೆಹಿಡಿದರು. ಐದು ಊರಿನಲ್ಲೂ ಬೇಸಿಗೆ, ಮಳೆ, ಚಳಿ ಮೂರು ಕಾಲದಲ್ಲೂ ಹಬ್ಬವಿಲ್ಲದ ವಾರ ನೋಡಿ ಮತ್ತೆ ತೂಗಲು ಹೇಳಿದರು. ಹಬ್ಬದ ಕಸಕ್ಕೆ ಬೇರೆ ಲೆಕ್ಕ, ಬೇರೆ ಗೊಬ್ಬರದ ಗುಂಡಿ. ಒಂದು ವರ್ಷವಾಯಿತು. ನಮ್ಮೂರಿನ ಸರಾಸರಿ ನಾಲ್ಕೂಕಾಲು ಬಂತು. ಉಳಿದ ನಾಲ್ಕು ಊರುಗಳಲ್ಲಿ ಮೂರು ಐದರ ಒಳಗೇ ನಿಂತವು. ಹೊಸ ಯೋಜನೆಯಲ್ಲಿ ಈ ನಾಲ್ಕು ಊರುಗಳಿಗೂ ತಮ್ಮ ತಮ್ಮ ಶೆಡ್ ಉಂಟು. ಯಾವುದಕ್ಕೂ ಬಾರದ ಕೊನೆಯ ಪಾಲು ಮಾತ್ರ ಗೋಮಾಳದ ಮೂಲೆಗೆ ಹೋಗುತ್ತದೆ. ಐದನೆಯ ಊರು ನಿಜವಾಗಿಯೂ ದೊಡ್ಡದು, ಅದರ ಶೆಡ್ ಮುಚ್ಚಿತು. ಅಲ್ಲಿನ ಹನ್ನೊಂದು ಹೆಂಗಸರಿಗೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ಗೆದ್ದೆವು ಎಂದು ಹೇಳುವಾಗ ಅವರನ್ನು ಬಿಟ್ಟು ಹೇಳಿದರೆ ಅದೂ ಸುಳ್ಳು ತೂಕವೇ.

ನನಗೂ ಒಂದು ಕಾಗದ ಬಂತು. ಅವಧಿ ಮುಗಿದ ಯಂತ್ರವನ್ನು ಬಳಸಬಾರದು, ಗುಜರಿಗೆ ವಿಲೇವಾರಿ ಮಾಡಬೇಕು ಎಂದು. ಕರೆಂಟಿನ ಹೊಸ ತಕ್ಕಡಿ ತಂದಿಟ್ಟ ದಿನ ಪಂಚಾಯಿತಿಯ ಆಟೋ ನನ್ನನ್ನು ಒಯ್ಯಲು ಬಂತು. ಚಾಲಕ ನನ್ನ ಕಂಬಕ್ಕೆ ಹಗ್ಗ ಹಾಕಿದ.

ಜವರಮ್ಮ ಬಂದು ಹಗ್ಗ ಬಿಚ್ಚಿದಳು.

"ಅಕ್ಕೋ, ಆರ್ಡ್ರು ಆಗದೆ. ಇದು ಕಸ ಅಂತ ಬರ್ದವ್ರೆ."

"ಯಾರ್ ಬರ್ದೋರು? ಯಾವ್ದು ಕಸ, ಯಾವ್ದು ಅಲ್ಲ ಅಂತ ಬ್ಯಾರೆ ಮಾಡೋ ಕೆಲ್ಸ ಈ ಊರಲ್ಲಿ ನಮ್ದು. ಅದ್ಕೇ ಅಲ್ವಾ ಇಷ್ಟ್ ದಿನ ಹೊಡ್ದಾಡಿದ್ದು? ನಾವ್ ಕಸ ಅಂದ್ರೆ ಕಸ. ನಡಿ, ಟೀ ಕುಡ್ದು ಹೋಗು."

ಅವನು ಟೀ ಕುಡಿದು ಬರಿಗೈಯಲ್ಲಿ ಹೋದ. ಈಗ ನಾನು ಶೆಡ್ಡಿನ ಹಿಂಬದಿ, ಗೊಬ್ಬರದ ಗುಂಡಿಯ ಪಕ್ಕ ಇದ್ದೇನೆ. ಮೇಲೆ ತಗಡಿಲ್ಲ. ಹಲಗೆ ತುಕ್ಕು ಹಿಡಿಯುತ್ತಿದೆ, ಹಿಡಿಯಲಿ. ಜವರಮ್ಮ ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನ ಹಲಗೆಯ ಮೇಲೆ ಕುಳಿತು ಉಣ್ಣುತ್ತಾಳೆ. ಒಂದು ದಿನ ನಮ್ಮೂರೂ ಐದು ಟನ್ ದಾಟುತ್ತದೆ. ಆಗ ಮತ್ತೊಬ್ಬರು ಮತ್ತೊಂದು ಯೋಜನೆ ಹಿಡಿದು ಬರುತ್ತಾರೆ. ಬರಲಿ. ಅಂದು ನಲವತ್ತೇಳು ಕಿಲೋ ಇದ್ದವಳು ಕುಳಿತಾಗ ನನ್ನ ದಂಡ ಇನ್ನೂ ಏಳುತ್ತದೆ. ಅಂಕಿ ಓದಲು ಅಲ್ಲಿ ಯಾರೂ ಇರುವುದಿಲ್ಲ. ಆದರೂ ಸರಿಯಾದ ಅಂಕಿಯನ್ನೇ ಹೇಳುತ್ತೇನೆ: ಐವತ್ತೆರಡು.