ಡಯಲಿಗೆ ಹಾಕಿದ ಬೀಗ

ಹದಿನೈದನೆಯ ತಾರೀಖು, ಶುಕ್ರವಾರ. ಸೂಗಮ್ಮ ವಾಚನಾಲಯದ ಬಾಗಿಲು ತೆಗೆದು, ಕಸ ಹೊಡೆಯುತ್ತ ಅಧ್ಯಕ್ಷರ ಖೋಲಿಗೆ ಬಂದಾಗ, ಮೇಜಿನ ಮೇಲಿನ ಕರಿ ಫೋನಿಗೆ ಬೆಳಗಾಗುವುದರೊಳಗೆ ಮೂಗುತಿ ಬಂದಿತ್ತು. ಹತ್ತಿರ ಹೋಗಿ ನೋಡಿದರೆ ಮೂಗುತಿಯಲ್ಲ, ಬೀಗ. ಹೆಬ್ಬೆರಳ ಉಗುರಿನಷ್ಟು ಸಣ್ಣ ಹಿತ್ತಾಳೆ ಬೀಗ ಡಯಲಿನ ತೂತಿನೊಳಗೆ ಕೂತು, ಚಕ್ರ ತಿರುಗದ ಹಾಗೆ ಮಾಡಿತ್ತು.

ಆಕೆ ಕಸಬರಿಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, "ಶಿವಾ" ಅಂದಳು. ಅದು ಸಿಟ್ಟಿನ ಮಾತಲ್ಲ. ದಾರಿಯಲ್ಲಿ ಕಲ್ಲು ಕಂಡವರು ಕಾಲು ಎತ್ತಿ ಇಡುವ ಮುಂಚೆ ಅನ್ನುವ ಹಾಗೆ ಅಂದಳು.

ಮೊಬೈಲು ಇನ್ನೂ ಶ್ರೀಮಂತರ ಸೊಂಟದಲ್ಲಷ್ಟೇ ಇದ್ದ ಕಾಲ ಅದು. ಬಸವಕಲ್ಯಾಣದ ಕೋಟೆಯ ಕೆಳಗಿನ ಗಲ್ಲಿಯಲ್ಲಿದ್ದ ಆ ವಾಚನಾಲಯಕ್ಕೆ ಪುಣೆಯ ಒಂದು ಸಂಸ್ಥೆಯವರು ಹಳೆಯ ಕಂಪ್ಯೂಟರೊಂದನ್ನು ಕೊಟ್ಟಿದ್ದರು. ಬೆನ್ನು ಉಬ್ಬಿದ ಪರದೆ, ಹಳದಿಯಾದ ಪೆಟ್ಟಿಗೆ, ಪಕ್ಕದಲ್ಲಿ ಅಧ್ಯಕ್ಷರ ಫೋನಿನ ತಂತಿಗೇ ಜೋಡಿಸಿದ, ಕೆಂಪು ದೀಪಗಳ ಮೋಡೆಮ್. ಹೆಣ್ಣುಮಕ್ಕಳು ಅದರಲ್ಲಿ ಕಲಿಯಬೇಕು. ಪ್ರತಿ ತಿಂಗಳ ಹದಿನೈದರಂದು ಸಂಜೆ ಐದರೊಳಗೆ ಅವರು ಬರೆದ ಪತ್ರ, ಅವರು ಬಿಡಿಸಿದ ಒಂದು ಚಿತ್ರ, ಎರಡೂ ಇಂಟರ್ನೆಟ್ಟಿನ ಮೇಲೆ ಪುಣೆ ಮುಟ್ಟಬೇಕು. ಸಾಲಾಗಿ ಮೂರು ತಿಂಗಳು ಮುಟ್ಟದಿದ್ದರೆ ಯಂತ್ರ ಬೇರೆ ಊರಿಗೆ ಹೋಗುತ್ತದೆ. ಎರಡು ತಿಂಗಳು ಆಗಲೇ ತಪ್ಪಿದ್ದವು. ಇದು ಮೂರನೆಯದು.

ಕಲಿಸುವವಳು ಹತ್ತಿರದ ಕೊಹಿನೂರು ಹಳ್ಳಿಯ ದಲಿತ ಕೇರಿಯ ಸ್ನೇಹಲ. ಕಬ್ಬು ಕಡಿಯುವ ಸಂಘರತ್ನನ ಮಗಳು, ಬಿ.ಎ. ಎರಡನೆಯ ವರ್ಷ. ಬೀದರಿನಲ್ಲಿ ಮೂರು ತಿಂಗಳ ಕಂಪ್ಯೂಟರ್ ಶಿಬಿರ ಮುಗಿಸಿ, ದಿನಾ ಬಸ್ಸಿಗೆ ಬಂದು ಹನ್ನೊಂದು ಹುಡುಗಿಯರಿಗೆ ಕಲಿಸುತ್ತಿದ್ದಳು. ಸೂಗಮ್ಮ ಹುಮನಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಕಲ್ಯಾಣಕ್ಕೆ ತಮ್ಮನ ಮನೆಗೆ ಬಂದು, ಮೂರು ಹೊತ್ತಿನ ಲಿಂಗಪೂಜೆ, ಉಳಿದ ಹೊತ್ತು ವಾಚನಾಲಯ ಎಂದು ಇದ್ದುಬಿಟ್ಟಳು. ಸಮಿತಿಯ ಏಳು ಮಂದಿಯಲ್ಲಿ ಹೆಂಗಸು ಆಕೆ ಒಬ್ಬಳೇ.

ಮೊದಲ ಎರಡು ತಿಂಗಳು ಯಂತ್ರ ನಂಬರು ಹಚ್ಚುವುದು, ಉತ್ತರವಿಲ್ಲ ಎಂದು ಸುಮ್ಮನಾಗುವುದು, ಇದೇ ಆಗಿತ್ತು. ಬೀದರಿನಿಂದ ಬಂದ ರಿಪೇರಿಯವನು ತಂತಿಯನ್ನು ಎರಡು ಬಾರಿ ಜಗ್ಗಿ, ಲೈನ್ ಸತ್ತಿದೆ ಅಂದು ಹೋದ. ಸೂಗಮ್ಮನ ಕಿವಿ ಮಾತ್ರ ಒಪ್ಪಲಿಲ್ಲ. ಹಿಂದಿನ ವಾರ ಆಕೆ ಬಸ್ಸು ಹತ್ತಿ ಹುಮನಾಬಾದಿಗೆ ಹೋದಳು, ತನ್ನ ಕಾಲದ ಲೈನ್‌ಮನ್ ಗಯಾಸುದ್ದೀನನ ಹತ್ತಿರ.

"ಬರ್ರಿ ಆಪರೇಟರಮ್ಮಾ, ಬರ್ರಿ. ಇಷ್ಟ ದಿನಾ ಆದ ಮ್ಯಾಲ ಈ ಬಡವನ ನೆನಪಾತೇನ್ರಿ?"

"ನೆನಪಲ್ಲೋ ಗಯಾಸ್. ಕೆಲಸ ಬಿದ್ದದ."

"ಹಾಂ, ಈಗ ಖರೆ ಮಾತಿಗೆ ಬಂದ್ರಿ. ಚಾ ಕುಡ್ದು ಹೇಳ್ರಿ."

"ಮಶೀನ್ ಪೀಂ ಪೀಂ ಅಂತ ನಂಬರ್ ಹಾಡತದ. ಹಾಡಿದ ಮ್ಯಾಲೂ ಲೈನಿನ್ಯಾಗಿನ ಗುಂಯ್ ಅನ್ನೋ ಸಪ್ಪಳ ಹೋಗವಲ್ದು. ಸತ್ತ ಲೈನ್ ಗುಂಯ್ ಅಂತದೇನು?"

ಗಯಾಸುದ್ದೀನ ಚಹಾದ ಬಸಿಯನ್ನು ಕೆಳಗಿಟ್ಟ. "ಆ ಗಲ್ಲಿ ತಂತಿ ನನ್ನ ಕೈಲೆ ಎಳದದ್ದು ಅಕ್ಕಾ, ಸಾಯಂಗಿಲ್ಲ. ಆದ್ರ ಅಲ್ಲಿ ಎಕ್ಸ್‌ಚೇಂಜ್ ಹಳೇದು. ಅದಕ್ಕ ಹಾಡು ತಿಳಿಯಂಗಿಲ್ಲ, ಎಣಿಕಿ ತಿಳೀತದ. ಐದು ಅಂದ್ರ ಐದು ಏಟು, ಸೊನ್ನಿ ಅಂದ್ರ ಹತ್ತು. ಮಶೀನಿಗೆ ಹಾಡಬ್ಯಾಡ, ಎಣಸು ಅಂತ ಹೇಳ್ರಿ. ಇನ್ನೊಂದು ಮಾತು. ಅದು ಮಾತಾಡೋವಾಗ ಬಾಜೂ ಫೋನ್ ಯಾರೂ ಎತ್ತಬಾರದು. ಎತ್ತಿದ್ರ ಖತಮ್."

ಮರಳಿ ಬಂದು ಹೇಳಿದಾಗ ಸ್ನೇಹಲ ಮೋಡೆಮ್ಮಿನ ಸೆಟ್ಟಿಂಗ್ ತೆರೆದು ತೋರಿಸಿದಳು. ಅಲ್ಲಿ ಎರಡು ಸಣ್ಣ ಸೊನ್ನೆಗಳು, ಒಂದರ ಮುಂದೆ ಟೋನ್, ಅಂದರೆ ಹಾಡು, ಇನ್ನೊಂದರ ಮುಂದೆ ಪಲ್ಸ್, ಅಂದರೆ ಏಟು. ಚುಕ್ಕೆ ಟೋನಿನ ಸೊನ್ನೆಯೊಳಗೆ ಕೂತಿತ್ತು. "ಇದನ್ನ ದಿನಾ ನೋಡ್ತಿದ್ದೆ ಅವ್ವಾ. ಏನಂತ ತಿಳಿದಿದ್ದಿಲ್ಲ," ಅಂದಳು. ಮೂವತ್ತೊಂದು ವರ್ಷ ಅದನ್ನೇ ಕೇಳಿದವಳಿಗೆ ಆ ಚುಕ್ಕೆ ಎಲ್ಲಿದೆ ಎಂದು ತಿಳಿದಿರಲಿಲ್ಲ, ದಿನಾ ಚುಕ್ಕೆ ನೋಡುವವಳಿಗೆ ಅದರ ಅರ್ಥ ತಿಳಿದಿರಲಿಲ್ಲ. ಸೋಮವಾರ ಚುಕ್ಕೆ ಬದಲಾಯಿತು. ಮೋಡೆಮ್ ಟಕ್ ಟಕ್ ಎಂದು ಎಣಿಸಿ, ಆಮೇಲೆ ಎಣ್ಣೆ ಕಾಣದ ಗಾಲಿಯ ಹಾಗೆ ಕೂಗಿ, ಸುಮ್ಮನಾಯಿತು. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರುಗಳು ಮಿನುಗಿದವು. ಹುಡುಗಿಯರು ಒಬ್ಬರ ಭುಜ ಒಬ್ಬರು ಹಿಡಿದು ನೋಡುತ್ತಿದ್ದಾಗಲೇ ಅವು ಆರಿದವು. ಒಳಗಿನ ಖೋಲಿಯಲ್ಲಿ ಅಧ್ಯಕ್ಷ ಮಹಾರುದ್ರಪ್ಪ ಫೋನು ಎತ್ತಿದ್ದ.

"ಏನಿದು, ಕಿವಿಯಾಗ ಹಾವು ಹೊಕ್ಕಂಗ ಆತು," ಎಂದು ಆತ ಆ ದಿನ ಕೂಗಾಡಿದ. ಆಗ ಚಿತ್ರ ಇನ್ನೂ ಮುಗಿದಿರಲಿಲ್ಲ. ಇರಲಿ, ಹದಿನೈದಕ್ಕೆ ಕಳಿಸಿದರಾಯಿತು ಎಂದುಕೊಂಡರು. ಆತನೂ ಅದೇ ಲೆಕ್ಕ ಹಾಕಿದ್ದ ಎಂದು ಈ ಬೀಗ ಹೇಳುತ್ತಿತ್ತು.

ಹತ್ತು ಗಂಟೆಗೆ ಮಹಾರುದ್ರಪ್ಪನೇ ಬಂದ. ವಾಚನಾಲಯದ ಎದುರಿಗೇ ಆತನ ಎಣ್ಣೆ ಅಂಗಡಿ. ಅಂಗಿಯಿಂದ ಕುಸುಬೆ ಎಣ್ಣೆಯ ವಾಸನೆ, ಉಡಿದಾರದಲ್ಲಿ ಗುಲಗಂಜಿಯಷ್ಟು ಕೀಲಿಕೈ.

"ಅಕ್ಕಾರೆ, ನೋಡಿದ್ರೇನು? ಫೋನಿಗೆ ಕಾವಲುಗಾರನ್ನ ಇಟ್ಟೀನಿ."

"ನೋಡಿದೆ. ಭಾಳ ಸಣ್ಣವ ಇದ್ದಾನ್ರಿ."

"ಸಣ್ಣವಾದ್ರೂ ಗಟ್ಟಿ. ನನ್ನ ಹೊರತು ಯಾರೂ ಎಲ್ಲಿಗೂ ಹಚ್ಚಂಗಿಲ್ಲ."

"ಇವತ್ತ ಐದರೊಳಗ ಪತ್ರ ಹೋಗಬೇಕು, ನಿಮಗ ಗೊತ್ತದ."

"ಗೊತ್ತದ. ಹೋಗಲಿಲ್ಲಂದ್ರ ಮಶೀನ್ ವಾಪಸ್ ಹೋಗತದ, ಅದೂ ಗೊತ್ತದ. ಹೋಗ್ಲಿ ಬಿಡ್ರಿ. ಈ ಜಾಗಾ ಮೊದಲ ಹ್ಯಾಂಗಿತ್ತು? ಈಗ ಮಶೀನಿನ ಎದುರಿನ ಕುರ್ಚಿ ಮ್ಯಾಲ ಯಾರ್ ಬಂದು ಕೂಡಾಕತ್ತಾರ ನೋಡ್ರಿ. ಗಿರಾಕಿ ನನ್ನ ಕೇಳತಾರ."

"ಏನಂತ ಕೇಳತಾರ?"

ಮಹಾರುದ್ರಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಸ್ನೇಹಲ ಚೀಲ ಹೆಗಲಿಗೆ ಹಾಕಿಕೊಂಡು ಆಗಷ್ಟೇ ಬಂದು ನಿಂತಿದ್ದಳು. ಆತ ದನಿ ತಗ್ಗಿಸಿದ. "ನೀವು ಲಿಂಗ ಕಟ್ಟಿದವರು. ನಿಮಗ ತಿಳೀಬೇಕು."

"ಲಿಂಗ ಕಟ್ಟೀನಿ, ಅದಕ್ಕ ತಿಳಿಯವಲ್ದು," ಅಂದಳು ಸೂಗಮ್ಮ.

ಆತ ಹೋದ ಮೇಲೆ ಸ್ನೇಹಲ ಚೀಲ ಇಳಿಸಲಿಲ್ಲ. "ಸಾಕ್ರಿ ಅವ್ವಾ. ಅವರು ಏನ್ ಅಂದ್ರು ಅಂತ ನನಗ ಕೇಳಸ್ತು. ಹನ್ನೊಂದೂವರಿ ಬಸ್ಸಿಗಿ ಊರಿಗೆ ಹೋಗ್ತೀನಿ. ಹ್ಯಾಂಗೂ ಬೀಗ ಬಿದ್ದದ."

"ಬೀಗ ಎಲ್ಲಿ ಬಿದ್ದದ?"

"ಡಯಲಿಗೆ."

"ನಿನ್ನ ಮಶೀನ್ ಬೆರಳು ಹಾಕಿ ಡಯಲ್ ತಿರುವತದೇನವಾ?"

ಹುಡುಗಿ ಮೋಡೆಮ್ಮಿನ ತಂತಿಯ ಕಡೆ ತಿರುಗಿ ನೋಡಿದಳು. ಆಮೇಲೆ ಚೀಲ ತಾನಾಗಿಯೇ ಹೆಗಲಿನಿಂದ ಜಾರಿತು.

ಸೂಗಮ್ಮ ನೆಲದ ಮೇಲೆ ಕೂತು ಹಳೆಯದೊಂದು ಕಥೆ ಹೇಳಿದಳು. ಹುಮನಾಬಾದಿನ ಒಂದು ಬೋರ್ಡಿಂಗಿನ ವಾರ್ಡನ್ ಹೀಗೇ ಫೋನಿಗೆ ಬೀಗ ಜಡಿದಿದ್ದ. ಹುಡುಗರು ರಿಸೀವರು ಇಡುವ ಗುಂಡಿಯನ್ನೇ ಬೆರಳಿನಿಂದ ಟಕಟಕ ಒತ್ತಿ, ಏಟು ಎಣಿಸಿ, ಊರೂರಿಗೆ ಮಾತಾಡುತ್ತಿದ್ದರು. ಬೀಗ ಹಾಗೇ ಇತ್ತು, ಮಾತು ಹೋಗುತ್ತಿತ್ತು. ವಾರ್ಡನ್ನಿಗೆ ತಿಳಿಯಲಿಲ್ಲ. ಕಿವಿಯಿಂದ ಹಿಡಿದವಳು ಸೂಗಮ್ಮನೇ, ಹೋಗಿ ದೂರು ಹೇಳಿದವಳೂ ಆಕೆಯೇ. "ಆ ಹುಡುಗ್ರು ಎಲ್ಲಿದ್ದಾರೋ. ಇವತ್ತ ಅವರ ಕಡಿಂದ ಮಾಫಿ ಕೇಳಬೇಕು," ಎಂದು ನಕ್ಕಳು. "ಸೊಲ್ಲು ಹೋಗೋದು ತಂತಿಯಾಗ. ಆತ ಬೀಗ ಹಾಕಿದ್ದು ಚಕ್ರಕ್ಕ. ಗುಡಿಗೆ ಬೀಗ ಹಾಕಿ ದೇವರು ನನ್ನ ಕೈಯಾಗ ಇದ್ದಾನ ಅಂದಂಗ ಆತು."

ಹುಡುಗಿಯರು ಶಾಲೆ ಮುಗಿಸಿ ಬಂದು, ಪರದೆಯ ಮೇಲೆ ಬಿಡಿಸುತ್ತಿದ್ದ ಚಿತ್ರಕ್ಕೆ ಕೊನೆಯ ಬಣ್ಣ ತುಂಬಿದಾಗ ನಾಲ್ಕೂ ಇಪ್ಪತ್ತು. ಚಿತ್ರದಲ್ಲಿ ವಾಚನಾಲಯವೇ ಇತ್ತು, ಎದುರಿನ ಕುರ್ಚಿಯೂ ಇತ್ತು. ಸ್ನೇಹಲ ಅದನ್ನು ಪತ್ರಕ್ಕೆ ಅಂಟಿಸಿದಳು. ಹೋಗಲು ಏಳೆಂಟು ನಿಮಿಷ ಬೇಕು ಅಂದಳು.

"ಹಚ್ಚು. ನಾ ಒಳಗ ಕೂಡ್ತೀನಿ," ಎಂದು ಸೂಗಮ್ಮ ಕೈಕಾಲು ತೊಳೆದು, ವಿಭೂತಿ ಧರಿಸಿ, ಅಧ್ಯಕ್ಷರ ಖೋಲಿಯಲ್ಲಿ ಫೋನಿನ ಮೇಜಿಗೆ ಬೆನ್ನು ಮಾಡಿ ಚಾಪೆ ಹಾಸಿದಳು. ಅದು ಆಕೆಯ ಪೂಜೆಯ ಹೊತ್ತಲ್ಲ. ಸಂಜೆಯ ಪೂಜೆಗೆ ಆಕೆ ಕೂಡುವುದು ದೀಪ ಹಚ್ಚಿದ ಮೇಲೆಯೇ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತಂದುಕೊಂಡಾಗ ಮನಸ್ಸು ಕೇಳಿತು: ಇದು ನಿನ್ನ ಪೂಜೆಯೋ, ನಿನ್ನ ಬೇಲಿಯೋ? ಆಕೆ ಅಂಗೈಗೇ ಉತ್ತರ ಹೇಳಿದಳು. ಅಪ್ಪಾ, ಮುಚ್ಚಿಡಂಗಿಲ್ಲ. ಎರಡೂ ಹೌದು. ತಪ್ಪಾಗಿದ್ದರ ನನ್ನ ಅಂಗೈ ಬಿಟ್ಟು ಇಳಿ. ಲಿಂಗ ತಣ್ಣಗೆ ಕೂತಿತ್ತು. ಆಕೆ ದೃಷ್ಟಿ ಅದರಲ್ಲಿ ನೆಟ್ಟಳು.

ಹೊರಗೆ ಮೋಡೆಮ್ ಎಣಿಸತೊಡಗಿತು. ಆಗ, ಸೋಮವಾರದ ಗದ್ದಲದಲ್ಲಿ ಯಾರ ಎಣಿಕೆಗೂ ಬಾರದಿದ್ದ ಒಂದು ಸಂಗತಿ ನಡೆಯಿತು. ಒಂದೊಂದು ಏಟಿಗೂ ಬೀಗ ಹಾಕಿದ ಫೋನಿನ ಗಂಟೆ ಟಿಣ್, ಟಿಣ್, ಟಿಣ್ ಎಂದು ಸಣ್ಣಗೆ ದನಿ ಕೊಟ್ಟಿತು. ತಂತಿ ಒಂದೇ, ಅದಕ್ಕೇ. ಆ ದನಿ ರಸ್ತೆ ದಾಟಿ ಎಣ್ಣೆ ಅಂಗಡಿಗೆ ಮುಟ್ಟಿತು.

ಮಹಾರುದ್ರಪ್ಪ ಎಣ್ಣೆಯ ಕೈ ಒರೆಸಿಕೊಳ್ಳದೆಯೇ ಬಂದ. ಹೊರಗಿನ ಖೋಲಿಯಲ್ಲಿ ಮೋಡೆಮ್ಮಿನ ಕೂಗು ಮುಗಿದು ಎರಡು ಪುಟ್ಟ ಕಂಪ್ಯೂಟರುಗಳು ಮಿನುಗುತ್ತಿದ್ದವು. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆ ಸಕ್ಕರೆ ಹೊತ್ತ ಹಾಗೆ ಮುಂದೆ ಸರಿಯುತ್ತಿತ್ತು. ಎದುರಿನ ಕುರ್ಚಿಯ ಮೇಲೆ ಸ್ನೇಹಲ ಕೂತಿದ್ದಳು. ಆತನನ್ನು ನೋಡಿದಳು, ಏಳಲಿಲ್ಲ.

"ಬೀಗ ಮುರದೀರೇನು?" ಎನ್ನುತ್ತ ಆತ ಒಳಗೆ ನುಗ್ಗಿದವನು ಹೊಸ್ತಿಲಲ್ಲೇ ನಿಂತ. ಬೀಗ ಹಾಗೇ ಇತ್ತು. ಅದರ ಮುಂದೆ ಸೂಗಮ್ಮ, ಅಂಗೈಯಲ್ಲಿ ಲಿಂಗ, ರೆಪ್ಪೆ ಬಡಿಯದ ಕಣ್ಣು.

ಲಿಂಗ ಅಂಗೈಯಲ್ಲಿ ಇದ್ದವರನ್ನು ಮಾತಾಡಿಸುವುದಿಲ್ಲ, ದಾಟುವುದಿಲ್ಲ. ಅದನ್ನು ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆತನ ತಾಯಿ ಹೀಗೆ ಕೂಡುವ ಮುಂಚೆ, ಮನೆಗೆ ಬೆಂಕಿ ಬಿದ್ದರೂ ಕೂಗಬ್ಯಾಡ್ರಿ ಅನ್ನುತ್ತಿದ್ದಳು. ಕಾಲು ತಾವಾಗಿಯೇ ಚಪ್ಪಲಿ ಬಿಟ್ಟವು. ಕೈ ಒಂದು ಬಾರಿ ರಿಸೀವರಿನ ಕಡೆ ಚಾಚಿತು. ಮುಟ್ಟಬೇಕಾದರೆ ಆಕೆಯ ತಲೆಯ ಮೇಲೆ ಹಾಯಬೇಕು. ಕೈ ಹಿಂದೆ ಬಂತು. ಉಡಿದಾರದ ಕೀಲಿಕೈಯನ್ನು ಹಿಡಿದುಕೊಂಡು ನಿಂತ, ಅದರಿಂದ ಈಗ ಏನು ತೆರೆಯಬೇಕೆಂದು ತಿಳಿಯದವನ ಹಾಗೆ.

ಗೋಡೆಯ ಗಡಿಯಾರದ ಸಪ್ಪಳ ಕೇಳುತ್ತಿತ್ತು. ಸೂಗಮ್ಮನ ಬೆನ್ನಿಗೆ ಮೇಜಿನ ಕಾಲು ತಾಗಿತ್ತು. ಅದರ ಆಚೆ ತಂತಿಯಲ್ಲಿ ಹನ್ನೊಂದು ಹುಡುಗಿಯರ ಬಣ್ಣ ಹರಿದು ಹೋಗುತ್ತಿದೆ ಎಂಬ ಅರಿವು ಒಮ್ಮೆ ಬಂದು, ಆಮೇಲೆ ಅದೂ ಹೋಯಿತು. ಅಂಗೈ ಮಾತ್ರ ಉಳಿಯಿತು.

"ಅವ್ವಾ, ಹೋಯ್ತ್ರಿ," ಎಂದು ಹೊರಗಿನಿಂದ ಸ್ನೇಹಲನ ದನಿ. ಐದಕ್ಕೆ ಇನ್ನೂ ಹದಿನಾಲ್ಕು ನಿಮಿಷ ಇತ್ತು.

ಸೂಗಮ್ಮ ಅವಸರ ಮಾಡಲಿಲ್ಲ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಇಳಿಸಿ, ಆಮೇಲೆ ಕಣ್ಣೆತ್ತಿದಳು.

"ಪೂಜಿ ಅಡ್ಡ ಇಟ್ಟು ಆಟ ಆಡಿದ್ರಿ ಅಕ್ಕಾರೆ."

"ಆಟ ಅಲ್ರಿ. ನೀವು ಫೋನ್ ಎತ್ತಬಾರದು ಅಂತನ ಇಲ್ಲಿ ಕುಂತೆ, ಅದು ಖರೆ. ಪೂಜಿನೂ ಖರೆ. ನಮ್ಮಪ್ಪಗ ಎಲ್ಲಾ ಹೇಳೇ ಕುಂತೀನಿ."

"ನಾಳಿಗಿ ತಂತೀನೇ ಕಡಸ್ತೀನಿ."

"ಕಡಸ್ರಿ. ಏಳು ಮಂದಿ ಸಹಿ ಮಾಡಿ ವಾಚನಾಲಯಕ್ಕ ತಂದ ತಂತಿ ಅದು. ಏಳೂ ಮಂದಿನ್ನ ಕೂಡಸ್ರಿ. ಯಾಕ ಕಡಸ್ತೀನಿ ಅನ್ನೋದು ಎಲ್ಲರ ಮುಂದ ಹೇಳ್ರಿ. ಗಿರಾಕಿ ನಿಮ್ಮನ್ನ ಏನಂತ ಕೇಳತಾರ, ಅದನ್ನೂ ಬಾಯಿ ಬಿಟ್ಟು ಅಲ್ಲೇ ಹೇಳ್ರಿ. ನನಗ ತಿಳೀಬೇಕು ಅಂದ್ರಲ್ಲ, ಅಲ್ಲಿ ತಿಳಕೋತೀನಿ."

ಮಹಾರುದ್ರಪ್ಪ ಬಾಯಿ ತೆರೆದ. ಬಾಗಿಲಲ್ಲಿ ಸ್ನೇಹಲ, ಆಕೆಯ ಹಿಂದೆ ಹನ್ನೊಂದು ಮುಖ. ಬೆಳಿಗ್ಗೆ ತಗ್ಗಿದ ದನಿಯಲ್ಲಿ ಆಡಿದ್ದನ್ನು ಅಷ್ಟು ಮುಖಗಳ ಮುಂದೆ ಎತ್ತಿ ಆಡಲು ಆತನಿಗೆ ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಫೋನಿನ ಹತ್ತಿರ ಬಂದು, ಬೀಗಕ್ಕೆ ಕೀಲಿಕೈ ಹಚ್ಚಲು ಬಗ್ಗಿದ.

"ಇರ್ಲಿ ಬಿಡ್ರಿ," ಅಂದಳು ಸೂಗಮ್ಮ ಚಾಪೆ ಸುತ್ತುತ್ತ. "ಅದರಿಂದ ನಮಗೇನೂ ತಕಲೀಫ್ ಇಲ್ಲ."

ಏಳು ಮಂದಿಯ ಸಭೆಯನ್ನು ಯಾರೂ ಕರೆಯಲಿಲ್ಲ. ತಂತಿಯನ್ನೂ ಯಾರೂ ಕಡಿಸಲಿಲ್ಲ. ಬೀಗ ಅಲ್ಲೇ ಇದೆ. ಸ್ನೇಹಲ ಮೇಜು ಒರೆಸುವಾಗ ಅದನ್ನೂ ಒಂದು ಬಾರಿ ಒರೆಸುತ್ತಾಳೆ, ಹಿತ್ತಾಳೆ ಚಲೋ ಹೊಳೆಯುತ್ತದೆ. ಮುಂದಿನ ತಿಂಗಳ ಹದಿನೈದರಂದು ನಾಲ್ಕೂ ಇಪ್ಪತ್ತಕ್ಕೆ ಫೋನು ಮತ್ತೆ ಟಿಣ್, ಟಿಣ್ ಅಂದಿತು. ಎದುರಿನ ಅಂಗಡಿಯಲ್ಲಿ ಎಣ್ಣೆ ಸುರಿಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮಹಾರುದ್ರಪ್ಪ ತಲೆ ಎತ್ತದೆ, ಗಿರಾಕಿಯ ಡಬ್ಬಿಯನ್ನು ಕಂಠದ ತನಕ ತುಂಬಿದ.