ಸೀತವ್ವನ ಬದ್ಲಿ

ಮಗ ಓಂಕಾರನನ್ನು ಅನುರಾಧಾಳ ಕೈಗೆ ದಾಟಿಸಿದ ಉಮೇಶ ಆಗಲೇ ಬೈಕು ತಿರುಗಿಸಿದ್ದ. ಖಾಕಿ ಅಂಗಿಯ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತ, "ಹಾಲು ಕುಡದಾನ್ರಿ. ಹತ್ತಕ್ಕ ಕೆಮ್ಮಿನ ಔಷಧ ಒಂದ ಮುಚ್ಚಳ. ಆಯಿಗೆ ಹೇಳ್ರಿ," ಎಂದ.

"ಅಣ್ಣಾರ, ನಿಲ್ರಿ. ಅತ್ತಿ ತೀರ್ಕೊಂಡ್ರು."

ಬೈಕು ಬಂದ್ ಆಯಿತು. ಉಮೇಶ ಬಾಗಿಲಿನೊಳಕ್ಕೆ ಇಣುಕಿದ. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಚಾಪೆಯ ಮೇಲೆ, ದುಡಿಯುವವರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದ ಸೀತವ್ವ ಮಲಗಿದ್ದಳು. ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ತಲೆಯ ಹತ್ತಿರ ಮೇಣದಬತ್ತಿ ಉರಿಯುತ್ತಿತ್ತು.

"ಯಾವಾಗ?"

"ನಸುಕಿನ್ಯಾಗ. ಎದಿ ಹಿಡದತಿ ಅಂದ್ರು, ನೀರ ತರೂದ್ರಾಗ ಮುಗೀತು."

ಅವನು ಒಮ್ಮೆ ಮಗನ ಮುಖ ನೋಡಿದ, ಒಮ್ಮೆ ಕೈಗಡಿಯಾರ ನೋಡಿದ. ಆರೂ ಮುಕ್ಕಾಲಿನ ಹುಕ್ಕೇರಿ ಬಸ್ಸಿಗೆ ಅವನೇ ಕಂಡಕ್ಟರ್. "ಡೇಪೋದಾಗ ಇವತ್ತ ನನಗ ಬದ್ಲಿ ಯಾರೂ ಇಲ್ರಿ. ಗಾಡಿ ನಿಂತೈತಿ," ಎಂದ. ಹೇಳುವಾಗ ಅವನ ದನಿ ಮಗುವಿನದಕ್ಕಿಂತ ಸಣ್ಣದಾಗಿತ್ತು.

"ಹೋಗ್ರಿ. ಮಣ್ಣು ಮೂರಕ್ಕ."

"ಬರ್ತೀನಿ. ಖರೆ ಬರ್ತೀನಿ."

ಏಳೂವರೆ ಆಗುವಷ್ಟರಲ್ಲಿ ಮನೆಯಲ್ಲಿ ಐದು ಮಕ್ಕಳು ಸೇರಿದ್ದವು. ಓಂಕಾರನಾದ ಮೇಲೆ ಮಾಲಿಂಗನ ಇಬ್ಬರು ಮಕ್ಕಳು ಬಂದರು. ಅವನ ಹೆಂಡತಿಗೆ ಇಟ್ಟಂಗಿ ಭಟ್ಟಿಯ ಕೆಲಸ, ಅವನಿಗೆ ನೂಲಿನ ಗಿರಣಿಯ ಮೊದಲ ಪಾಳಿ. ಆಮೇಲೆ ಬಟ್ಟೆ ಅಂಗಡಿಯ ವಿದ್ಯಾ ತನ್ನ ಮಗಳ ಕೈ ಹಿಡಿದುಕೊಂಡು ಬಂದಳು. ಐದನೆಯದು ಅನುರಾಧಾಳದೇ, ಒಂದೂವರೆ ವರ್ಷದ ಆಮ್ರಪಾಲಿ.

"ನಿನಗ ಗೊತ್ತಿರಲಿಲ್ಲೇನ?" ಅನುರಾಧಾ ವಿದ್ಯಾಳನ್ನು ಕೇಳಿದಳು.

"ಗೊತ್ತಿತ್ತು. ಸ್ವಪ್ನಿಲಣ್ಣನ ಸ್ಟೇಟಸ್ ನೋಡಿ ಅತ್ತುಬಿಟ್ಟೆ." ವಿದ್ಯಾಳ ಕಣ್ಣುಗಳು ನಿಜಕ್ಕೂ ಕೆಂಪಾಗಿದ್ದವು. "ಅತ್ತು ಮುಖಾ ತೊಳ್ಕೊಂಡು, ಇಕೀನ ಎಲ್ಲಿ ಬಿಡ್ಲಿ ಅಂತ ಕುಂತೆ. ಲಗ್ನದ ಸೀಜನ್ನು, ಮಾಲಕರು ಅರ್ಧಾ ತಾಸೂ ಬಿಡೂದಿಲ್ಲ. ಕಾಲು ತಾವ ಈ ಓಣಿಗೆ ಬಂದೂ."

ಅನುರಾಧಾ ಆ ಮಗುವನ್ನೂ ಒಳಗೆ ಕರೆದುಕೊಂಡಳು. ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಅವಳದೂ ಇದೇ ಗತಿ. ಮೂಡಲಗಿಯ ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿಗೆ ಅವಳ ನೇಮಕ ಆಗಿತ್ತು. ಹಾಜರಾಗಲು ಸೋಮವಾರವೇ ಕೊನೆಯ ದಿನ. ಗಂಡ ಸ್ವಪ್ನಿಲ್‌ಗೆ ಸಕ್ಕರೆ ಕಾರ್ಖಾನೆಯ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ತಾಯಿ ಸತ್ತರೂ ಒಂದೇ ದಿನದ ರಜೆ. ಆಮ್ರಪಾಲಿಯನ್ನು ನೋಡಿಕೊಳ್ಳಬೇಕಾದವಳು ಚಾಪೆಯ ಮೇಲೆ ಮಲಗಿದ್ದಳು.

*

ಮೂರು ವರ್ಷದ ಹಿಂದೆ ಸೀತವ್ವ ಒಂದು ದಿನ ರಜೆ ಕೇಳಿದ್ದಳು. ತುಕ್ಕಾನಟ್ಟಿಯಲ್ಲಿ ತಂಗಿಯ ಮೊಮ್ಮಗಳಿಗೆ ಹೆಸರಿಡುವುದಿತ್ತು. ಎಂಟು ದಿನ ಮೊದಲೇ ಎಲ್ಲ ತಾಯಿ ತಂದೆಗಳಿಗೆ ಹೇಳಿದಳು. ಎಲ್ಲರೂ, "ಆಗ್ಲಿ ಬಿಡ್ರಿ ಆಯಿ, ಹೋಗಿ ಬರ್ರಿ" ಎಂದರು. ಆ ದಿನ ಬೆಳಿಗ್ಗೆ ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಬಂದರು. ಉಳಿದವರೆಲ್ಲ ರಜೆ ಹಾಕಿರುತ್ತಾರೆ, ತನ್ನದೊಂದು ಕೂಸು ಇದ್ದರೆ ಆಯಿಗೆ ಭಾರವಾಗದು ಎಂದು ಪ್ರತಿಯೊಬ್ಬರೂ ಎಣಿಸಿದ್ದರು.

ಸೀತವ್ವ ಹಳೆಯ ಸೀರೆಯ ಅಂಚು ಹರಿದು, ಏಳು ಮಕ್ಕಳ ಸೊಂಟಕ್ಕೆ ಸಾಲಾಗಿ ಕಟ್ಟಿ, ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ಅನುರಾಧಾ ನಾಚಿಕೆಯಿಂದ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ಎಷ್ಟ ಟಿಕೆಟ್ ಆಯಿ?" ಕಂಡಕ್ಟರ್ ಕೇಳಿದ.

"ನಂದೊಂದು, ನನ್ನ ಸೊಸೀದೊಂದು. ಇವು ಎಲ್ಲಾ ಆರು ವರ್ಷದ ಒಳಗಿನವು."

"ಏಳೂ ನಿಮ್ಮ ಮೊಮ್ಮಕ್ಕಳ?"

"ಯಾಕ, ಒಂದ ಮನ್ಯಾಗ ಏಳು ಇರಬಾರದೇನ? ಇವು ಗೋಕಾಕದಾಗ ಕೆಲಸಕ್ಕ ಹೋಗೋ ಮಂದಿ ಹುಡುಗ್ರಪ್ಪ. ಒಂದ ದಿನಾ ರಜಾ ಕೇಳಿದ್ದೆ. ರಜಾನೂ ಬಸ್ಸಿನ್ಯಾಗ ಕರ್ಕೊಂಡ ಹೊಂಟೀನಿ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಗಲಿಲ್ಲ. ಟಿಕೆಟ್ ಮಷೀನನ್ನು ಎದೆಗೆ ಒತ್ತಿಕೊಂಡು ಬಗ್ಗಿ, ಮೆಲ್ಲಗೆ, "ಆಯಿ, ನಮ್ಮನ್ಯಾಗೂ ಒಂದು ಐತ್ರಿ. ಮೂರ ತಿಂಗಳದ್ದು. ಇಟ್ಕೋತೀರೇನ್ರಿ?" ಎಂದ. ಅವನೇ ಉಮೇಶ.

*

ಎರಡು ಗಂಟೆಗೆ ಓಣಿ ತುಂಬಿತು. ಹೊತ್ತು ಇಳಿಯುವ ಮೊದಲೇ ಮುಗಿಸೋಣ ಎಂದು ಹಿರಿಯರು ಅವಸರ ಮಾಡುತ್ತಿದ್ದರು. ಸ್ವಪ್ನಿಲ್ ಒಪ್ಪಲಿಲ್ಲ. ಗಿರಣಿಯ ಮೊದಲ ಪಾಳಿ ಬಿಡಬೇಕು, ಹುಕ್ಕೇರಿ ಬಸ್ಸು ಬರಬೇಕು, ನರ್ಸ್ ಶೋಭಾಳ ಡ್ಯೂಟಿ ಮುಗಿಯಬೇಕು. "ನಮ್ಮವ್ವ ಹತ್ತೊಂಬತ್ತು ವರ್ಷ ಇವ್ರ ಪಾಳಿ ಕಾದಾಳ. ಇವತ್ತ ಇನ್ನೊಂದ ತಾಸು ಕಾಯ್ತಾಳ," ಎಂದ. ಶೋಭಾಳ ಮಗ ಈಗ ಸಾಲಿಗೆ ಹೋಗುತ್ತಿದ್ದ. ಆದರೂ ಸಾಲಿ ಬಿಟ್ಟ ಮೇಲೆ ಅವನು ಬರುತ್ತಿದ್ದದ್ದು ಈ ಮನೆಗೇ.

ಎಲ್ಲರೂ ಬಂದರು. ಅನುರಾಧಾಳ ಮಾವ, ಸೀತವ್ವನ ಗಂಡ ಯಲ್ಲಾರಿ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ನಿಡಸೋಸಿಯ ಕಾಲೇಜಿನ ಗೇಟು ಕಾಯುವ ಅವನು ಮೊದಲೇ ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ.

ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿ ಮುಗಿಯಿತು. ಹೆಣ ಎತ್ತುವ ಹೊತ್ತಿಗೆ ಅನುರಾಧಾ ಆಮ್ರಪಾಲಿಯನ್ನು ಸೊಂಟಕ್ಕೆ ಏರಿಸಿಕೊಂಡು, ಉಳಿದ ನಾಲ್ಕನ್ನೂ ಚಪ್ಪಲಿ ಹಾಕಿಸಿ ನಿಲ್ಲಿಸಿದ್ದಳು.

"ಏ ಹುಡಿಗಿ, ಸಣ್ಣ ಹುಡುಗ್ರನ್ನ ಮಣ್ಣಿಗೆ ಕರ್ಕೊಂಡ ಹೋಗ್ತಾರೇನ?" ಬಾಜೂ ಮನೆಯ ಮುದುಕಿ ಹಣಮವ್ವ ಅಡ್ಡ ಬಂದಳು.

"ಹಂಗಾರ ನೀವ ಇಟ್ಕೋರಿ, ಯವ್ವಾ. ಬರೂತನಾ."

ಹಣಮವ್ವ ನಾಲ್ಕೂ ಮಕ್ಕಳನ್ನು ಒಂದೊಂದಾಗಿ ನೋಡಿದಳು. ಮಾಲಿಂಗನ ಕಿರಿಯವನು ಅವಳ ಊರುಗೋಲನ್ನು ಕಸಿದುಕೊಂಡು ಆಗಲೇ ನಾಯಿಯ ಹಿಂದೆ ಓಡಿದ್ದ.

"ಕರ್ಕೊಂಡ ಹೋಗ ಬಿಡ. ನಮ್ಮ ಕಾಲದ್ದು ಬ್ಯಾರೆ," ಎಂದಳು. "ಅದರ ಕಡಿಂದ ನನ್ನ ಕೋಲು ಇಸಗೊಂಡ ಕೊಟ್ಟು ಹೋಗ."

ಮಕ್ಕಳು ಮಣ್ಣಿಗೆ ಹೋದವು. ಎಲ್ಲರೂ ಹಿಡಿಮಣ್ಣು ಹಾಕಿದಂತೆ ಅವೂ ಹಾಕಿದವು. ಓಂಕಾರನಿಗೆ ಒಂದು ಹಿಡಿ ಸಾಲಲಿಲ್ಲ. "ಆಯಿಗೆ ಚಳಿ," ಎಂದು ಮತ್ತೆ ಮತ್ತೆ ಬಗ್ಗಿ ಹಾಕಿದ. ಉಮೇಶ ಮಗನನ್ನು ತಡೆಯಲು ಮುಂದೆ ಬಂದವನು ಅಲ್ಲಿಯೇ ನಿಂತು, ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ.

*

ನೇಮಕದ ಪತ್ರ ಬಂದ ದಿನ ಅನುರಾಧಾ ಅದನ್ನು ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಳು. ಸೀತವ್ವ ಓದಲು ಬಾರದವಳು. ಆದರೆ ಸರಕಾರಿ ಲಕೋಟೆಯ ಬಣ್ಣ ಅವಳಿಗೆ ಗೊತ್ತಿತ್ತು.

"ಬಚ್ಚಿ ಇಟ್ಟಿ ಯಾಕ?"

"ಆಮ್ರಪಾಲಿ ಸಣ್ಣಾಕಿ ಅದಾಳ್ರಿ ಅತ್ತಿ."

"ನಾ ಇಲ್ಲೇನ? ನಾಕರ ಜೋಡಿ ಐದನೇದು."

"ನಿಮಗ ಆರಾಮ ಇಲ್ದಾಗ?"

ಸೀತವ್ವ ಆರಿಸುತ್ತಿದ್ದ ಮೆಂತ್ಯ ಸೊಪ್ಪನ್ನು ಮಡಿಲಿನಲ್ಲಿಯೇ ಬಿಟ್ಟಳು. ಪ್ರಾಯದಲ್ಲಿ ಅವಳು ಗಿರಣಿಯಲ್ಲಿ ಬದ್ಲಿ ಕೆಲಸದವಳು. ಹನ್ನೊಂದು ವರ್ಷ, ದಿನಾ ನಸುಕಿನಲ್ಲಿ ಗೇಟಿನ ಮುಂದೆ ನಿಂತು ಯಾರಾದರೂ ತಪ್ಪಿಸಿದ್ದಾರೆಯೇ ಎಂದು ಕಾಯುವುದು. ತಪ್ಪಿಸಿದವರ ಯಂತ್ರ ಆ ದಿನದ ಮಟ್ಟಿಗೆ ಇವಳದು. ಯಾರೂ ತಪ್ಪಿಸದಿದ್ದರೆ ಬುತ್ತಿ ಬಿಚ್ಚದೆ ಮನೆಗೆ.

"ನಾ ಎಲ್ಲಾರಿಗೂ ಬದ್ಲಿ ಆದೆ, ಅನೂ," ಎಂದಳು. "ಗಿರಣ್ಯಾಗೂ ಆದೆ, ಈ ಹುಡುಗ್ರ ಅವ್ವಗೋಳಿಗೂ ಆದೆ. ನನಗೊಬ್ರು ಬದ್ಲಿ ಬೇಕಂತ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ. ಅದು ನಂದ ತಪ್ಪು." ಆಮೇಲೆ ಸೊಪ್ಪು ಮತ್ತೆ ಕೈಗೆತ್ತಿಕೊಂಡಳು. "ನೀ ಹೋಗ. ಆರಾಮ ಇಲ್ದಾಗಿಂದು ಆವಾಗ ನೋಡೂಣು."

*

ಮಣ್ಣಿನಿಂದ ಬಂದವರು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹಣಮವ್ವ ರೊಟ್ಟಿ, ಝುಣಕ ಕಳಿಸಿದ್ದಳು. ಮಕ್ಕಳು ಮೊದಲು ತಿಂದು ಅಲ್ಲಲ್ಲೇ ಒರಗಿದವು. ದೊಡ್ಡವರು ತಟ್ಟೆ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಲ್ಲರ ತಲೆಯಲ್ಲಿಯೂ ಒಂದೇ ಮಾತಿತ್ತು. ಅದನ್ನು ಮೊದಲು ಆಡಿದವನು ಮಾಲಿಂಗ.

"ಅನುರಾಧಾ ಅವ್ರ ಕೈ ಭಾಳ ಚಲೋ ಐತ್ರಿ. ನಮ್ಮವು ಎರಡೂ ಇವತ್ತ ದಿನಾ ಪೂರ್ತಿ ಅಳ್ಲಿಲ್ಲ ನೋಡ್ರಿ."

"ಆಯಿ ಕೈ ಗುಣಾನ ಬಂದೈತಿ," ವಿದ್ಯಾ ಎಂದಳು.

"ಮನಿ ಅದ, ಓಣಿ ಅದ," ಉಮೇಶ ಎಂದ. "ಹುಡುಗ್ರಿಗೂ ರೂಢಿ ಐತಿ. ನೀವ ಹೂಂ ಅಂದ್ರ ನಾವು ಯಾರೂ ನಿಮ್ಮನ್ನ ಕೈ ಬಿಡೂದಿಲ್ರಿ."

ಅನುರಾಧಾ ನೀರಿನ ತಂಬಿಗೆ ಕೆಳಗಿಟ್ಟಳು. "ನನಗ ಸೋಮವಾರ ಮೂಡಲಗಿಗೆ ಹೋಗೂದೈತಿ."

"ಅದು ಗೊತ್ತೈತ್ರಿ. ಆದ್ರ..."

"ವಿದ್ಯಾ, ನಿಮ್ಮ ಅಂಗಡಿಗೆ ವಾರದ ಸುಟ್ಟಿ ಯಾವತ್ತ?"

"ಸೋಮವಾರ."

"ಉಮೇಶಣ್ಣಾರ, ನಿಮ್ಮ ವೀಕ್ಲಿ ಆಫ್?"

"ಮಂಗಳವಾರ." ಹೇಳಿದ ಮೇಲೆಯೇ ಅವನಿಗೆ ಅವಳು ಎಲ್ಲಿಗೆ ಹೊರಟಿದ್ದಾಳೆಂದು ಹೊಳೆದದ್ದು. "ಏನ್ರಿ, ವಾರಕ್ಕ ಇರೂದ ಒಂದ ದಿನಾ. ಅವತ್ತ ನಾ ಮನಗಬೇಕು. ಅರಬಿ ಒಕ್ಕೋಬೇಕು."

"ಅತ್ತಿ ಯಾವ ವಾರ ಮನಗತಿದ್ರು?"

ಶೋಭಾ ತಟ್ಟೆಯ ಅಂಚನ್ನು ಉಜ್ಜುತ್ತ, "ನಂದು ಬುಧವಾರ," ಎಂದಳು. ಗಿರಣಿಯ ಸುಟ್ಟಿ ಗುರುವಾರ. ಮಾಲಿಂಗ ಅದನ್ನು ಒಪ್ಪಿಕೊಳ್ಳುವ ಮೊದಲು ಐದು ಮಕ್ಕಳಿಗೆ ಒಬ್ಬನೇ ಹೇಗೆ ಉಣಿಸುವುದು, ಕುಂಡಿ ಯಾರು ತೊಳೆಯುವುದು ಎಂದು ಮೂರು ಸಲ ಕೇಳಿದ. "ಕೈ ಅದಾವಲ್ಲ," ಎಂದಳು ವಿದ್ಯಾ. ಶುಕ್ರವಾರ ತನಗೆ ರಾತ್ರಿ ಪಾಳಿ ಹಾಕಿಸಿಕೊಂಡು ಹಗಲು ಮನೆಯಲ್ಲಿರುತ್ತೇನೆ ಎಂದ ಸ್ವಪ್ನಿಲ್. ರವಿವಾರ ಲ್ಯಾಬಿಗೆ ಸುಟ್ಟಿ, ಅದು ಅನುರಾಧಾಳದು.

"ಮತ್ತ ಶನಿವಾರ?" ಉಮೇಶ ಕೇಳಿದ. ಒಂದು ದಿನ ಖಾಲಿ ಬಿದ್ದದ್ದು ಅವನಿಗೆ ಸಮಾಧಾನ ಕೊಟ್ಟಂತಿತ್ತು. "ನೋಡ್ರಿ, ಅದಕ್ಕ ಹೇಳಿದ್ದು. ಇದು ಕೂಡೂದಿಲ್ಲ."

"ಶನಿವಾರ ನಂದು."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಯಲ್ಲಾರಿ ಕೂತಲ್ಲಿಂದ ಕದಲಿರಲಿಲ್ಲ. "ಗೇಟಿಗೆ ಬ್ಯಾರೆದವ ಬರ್ತಾನ ಅವತ್ತ," ಎಂದ. "ಔಷಧ ಯಾವ್ಯಾವ ಹೊತ್ತಿಗೆ ಅಂತ ಬರದು ಕೊಡ್ರಿ ಅಷ್ಟ."

ಅನುರಾಧಾ ಎದ್ದು ಮಾವನ ತಟ್ಟೆಗೆ ಒಂದು ರೊಟ್ಟಿ ಹಾಕಿದಳು. ಅವನು ಬೇಡ ಎನ್ನಲಿಲ್ಲ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು.

ಜನ ಏಳತೊಡಗಿದರು. ಉಮೇಶ ನಿದ್ದೆ ಹೋಗಿದ್ದ ಓಂಕಾರನನ್ನು ಹೆಗಲಿಗೆ ಹಾಕಿಕೊಂಡು, "ಮಂಗಳವಾರ ಎಷ್ಟಕ್ಕ ಬರ್ಬೇಕ್ರಿ ನಾ?" ಎಂದು ಯಾರನ್ನೂ ಅಲ್ಲವೆಂಬಂತೆ ಕೇಳಿದ. "ಏಳಕ್ಕ," ಎಂದಳು ಅನುರಾಧಾ.

ಶೋಭಾ ಮಾತ್ರ ಹೋಗಲಿಲ್ಲ. ಅನುರಾಧಾಳನ್ನು ಕಟ್ಟೆಯ ಹತ್ತಿರ ಕರೆದಳು. ಅವಳು ಇವಳಿಗಿಂತ ಹತ್ತು ವರ್ಷ ದೊಡ್ಡವಳು. ಇವಳ ಹೆರಿಗೆಯ ಹೊತ್ತಿನಲ್ಲಿ ರಾತ್ರಿಯಿಡೀ ಕೈ ಹಿಡಿದು ಕೂತವಳು.

"ಅನೂ, ಸಿಟ್ಟಿಗೇಳಬ್ಯಾಡ. ಈ ವಾರದ ಪಾಳಿ ಎಷ್ಟ ದಿನ ನಡೀತೈತಿ ಹೇಳ. ಒಬ್ರಿಗೆ ಜ್ವರ ಬಂತು, ಒಬ್ರ ಪಾಳಿ ಬದಲಾತು, ಮುಗೀತು. ಮೂಡಲಗಿ ಡಾಕ್ಟರ್ ನನಗ ಗೊತ್ತಿದ್ದವ್ರು. ಮನ್ಯಾಗ ಸಾವಾಗೇತಿ ಅಂದ್ರ ಹಾಜರಾಗಾಕ ಒಂದ ತಿಂಗಳ ಮುಂದ ಹಾಕಸ್ತಾರ. ಒಂದ ತಿಂಗಳು ನೀ ಕುಂದರು. ಅಷ್ಟರಾಗ ನಾವು ಯಾರನ್ನರ ಹುಡಕ್ತೀವಿ."

ಅದು ಸುಳ್ಳು ಮಾತಲ್ಲ ಎಂದು ಅನುರಾಧಾಳಿಗೆ ಗೊತ್ತಿತ್ತು. ಶೋಭಾ ಮೋಸ ಮಾಡುವವಳಲ್ಲ. ಒಂದು ತಿಂಗಳು ಕಳೆದೇ ಕಳೆಯುತ್ತದೆ, ಯಾರೂ ಸಿಗುವುದಿಲ್ಲ, ಐದು ಮಕ್ಕಳು ಇವಳ ಮಡಿಲನ್ನೇ ರೂಢಿ ಮಾಡಿಕೊಳ್ಳುತ್ತವೆ. ಹತ್ತೊಂಬತ್ತು ವರ್ಷದ ಹಿಂದೆ ಅತ್ತೆಯದೂ ಒಂದು ತಿಂಗಳಿಗೆಂದೇ ಶುರುವಾಗಿರಬೇಕು.

ಶೋಭಾ ಆಗಲೇ ಡಾಕ್ಟರ್ ನಂಬರು ಒತ್ತಿದ್ದಳು. ಆ ಕಡೆ ರಿಂಗ್ ಆಗುವುದು ಕೇಳಿಸುತ್ತಿತ್ತು. ಅವಳು ಫೋನನ್ನು ಮುಂದೆ ಚಾಚಿದಳು. "ಮಾತಾಡ. ನಾ ಹೇಳೇನಿ ಅನ್ನ."

ಅನುರಾಧಾ ಕೈ ಚಾಚಿ ಕೆಂಪು ಗುಂಡಿ ಒತ್ತಿದಳು.

"ಒಲ್ಲೆ, ಅಕ್ಕಾರ."